ಗೆರೆಗೆ ತಾಗಿದ ಚೆಂಡು

ಟೆನಿಸ್ ಅಂಕಣದ ಗೆರೆ ಅಂಕಣದ ಒಳಗಿನದು. ಚೆಂಡಿನ ಅಂಚು ಕೂದಲೆಳೆಯಷ್ಟು ಗೆರೆಗೆ ತಾಗಿದರೂ ಚೆಂಡು ಒಳಗೆ ಬಿದ್ದ ಲೆಕ್ಕ. ದೊಡ್ಡ ಪಂದ್ಯಗಳಲ್ಲಿ ಇದನ್ನು ಹೇಳಲು ಕ್ಯಾಮೆರಾಗಳಿವೆ. 2025ರಲ್ಲಿ ವಿಂಬಲ್ಡನ್ ಕೂಡ ಗೆರೆ ಕಾಯುವವರನ್ನು ಮನೆಗೆ ಕಳಿಸಿ ಯಂತ್ರವನ್ನು ನೆಚ್ಚಿತು. ಸಣ್ಣ ಊರುಗಳ ಮಕ್ಕಳ ಪಂದ್ಯಗಳಲ್ಲಿ ಮಾತ್ರ ಯಂತ್ರವಿರಲಿ, ಬಹಳ ಸಲ ಪ್ರತಿ ಅಂಕಣಕ್ಕೊಬ್ಬ ಅಂಪೈರ್ ಕೂಡ ಇರುವುದಿಲ್ಲ. ಅಲ್ಲಿ ಬಲೆಯ ತನ್ನ ಬದಿಯಲ್ಲಿ ಬಿದ್ದ ಚೆಂಡಿನ ತೀರ್ಪು ಆ ಬದಿಯ ಆಟಗಾರನದೇ. ಗೆರೆಗೂ ಚೆಂಡಿಗೂ ನಡುವೆ ನೆಲ ಕಂಡರೆ ಮಾತ್ರ ‘ಔಟ್’ ಎನ್ನಬೇಕು. ಅನುಮಾನವಿದ್ದರೆ ಚೆಂಡು ಒಳಗೇ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಾನೇ ಕಕ್ಷಿದಾರಳಾದ ಮೊಕದ್ದಮೆಗೆ ತಾನೇ ನ್ಯಾಯಾಧೀಶೆಯೂ ಆಗಿ ನಿಲ್ಲುವ ಪ್ರಸಂಗವಿದು. ಮಿಕ್ಕ ಎಷ್ಟೋ ಆಟಗಳಲ್ಲಿ ಅಂಪೈರನ ಕಣ್ಣು ತಪ್ಪಿಸುವುದೂ ಒಂದು ಜಾಣತನ. ಇಲ್ಲಿ ತಪ್ಪಿಸಬೇಕಾದದ್ದು ತನ್ನ ಕಣ್ಣನ್ನೇ. ಕ್ಯಾಥೊಲಿಕ್ ಶ್ರದ್ಧೆ, ಟೆನಿಸ್ ತರಬೇತಿ, ಮಕ್ಕಳ ನಡತೆ ಈ ಮೂರನ್ನೂ ಒಂದೇ ಅಂಗಳಕ್ಕೆ ತರಲು ಹೊರಟವರು ಮೊದಲು ಎಡವುವುದೂ ಮೊದಲು ಕಲಿಯುವುದೂ ಈ ಗೆರೆಯ ಹತ್ತಿರ.

ಮಠಕ್ಕೂ ಈ ಆಟಕ್ಕೂ ಹಳೆಯ ನೆಂಟಸ್ತಿಕೆ ಇದೆ. ಟೆನಿಸ್‌ನ ಮೂಲವನ್ನು ಸಾಮಾನ್ಯವಾಗಿ 12ನೆಯ ಶತಮಾನದ ಹೊತ್ತಿನ ಫ್ರಾನ್ಸಿನಲ್ಲಿ, ಸನ್ಯಾಸಿಗಳ ಮಠದ ಒಳಪ್ರಾಕಾರಗಳಲ್ಲಿ ಹುಡುಕುತ್ತಾರೆ. ಸುತ್ತ ಕಂಬಸಾಲು, ಮೇಲೆ ಇಳಿಜಾರು ಮಾಡು, ನಡುವೆ ಬಯಲು. ಅಂಗೈಯಿಂದ ಚೆಂಡು ಹೊಡೆದರೆ ಮಾಡಿನ ಮೇಲೆ ಉರುಳಿ ಕೆಳಗೆ ಬೀಳುತ್ತಿತ್ತು. ಪ್ರಾರ್ಥನೆಗೆ ಕಟ್ಟಿದ ಜಾಗ ಆಟಕ್ಕೆ ಇಷ್ಟು ಸರಿಯಾಗಿ ಒದಗಿಬಂದದ್ದನ್ನು ಹಿರಿಯ ಗುರುಗಳೆಲ್ಲ ಮೆಚ್ಚಲಿಲ್ಲ. ಗದರಿಕೆ, ನಿಷೇಧಗಳೂ ಆದವು. ಆಟ ನಿಲ್ಲಲಿಲ್ಲ. ರಾಕೆಟ್ ಬಂದದ್ದು ಆಮೇಲೆ. ಹುಲ್ಲಿನ ಮೇಲೆ ಆಡುವ ಇಂದಿನ ರೂಪಕ್ಕೆ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ 1874ರಲ್ಲಿ ಪೇಟೆಂಟ್ ಪಡೆದ. ಮೂರೇ ವರ್ಷಕ್ಕೆ ವಿಂಬಲ್ಡನ್ ಶುರುವಾಯಿತು. ಹಿಂದುಸ್ತಾನಕ್ಕೆ ಅದು ಸಿಪಾಯಿ, ಸಾಹೇಬರ ಸಾಮಾನಿನ ಜೊತೆಗೇ ಬಂದು ಕ್ಲಬ್ಬುಗಳ ಕಾಂಪೌಂಡಿನೊಳಗೆ ಬಹಳ ಕಾಲ ಉಳಿಯಿತು. ‘ಆಫೀಸರ್ ಆಟ’ ಎಂಬ ಹೆಸರು ನಮ್ಮ ಜಿಲ್ಲಾ ಊರುಗಳಲ್ಲಿ ಇಂದಿಗೂ ಪೂರ್ತಿ ಅಳಿದಿಲ್ಲ.

ಆಟದ ಹೋಲಿಕೆಗಳು ಕ್ರೈಸ್ತ ಧರ್ಮಗ್ರಂಥದಲ್ಲಿ ಮೊದಲಿನಿಂದಲೂ ಇವೆ. ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೆಯ ಅಧ್ಯಾಯದಲ್ಲಿ ಓಟಗಾರ ಬರುತ್ತಾನೆ, ಮುಷ್ಟಿಕಾಳಗದವನು ಬರುತ್ತಾನೆ, ಬಾಡಿಹೋಗುವ ಕಿರೀಟಕ್ಕಾಗಿ ಮೈ ದಂಡಿಸುವ ಮಾತು ಬರುತ್ತದೆ. ಕೊರಿಂಥದ ಮಗ್ಗುಲಲ್ಲೇ ಇಸ್ತ್‌ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಓದುವವರಿಗೆ ಆ ಕಿರೀಟ ಕಂಡದ್ದೇ ಆಗಿತ್ತು. ಆದರೆ ಈ ವಿಷಯದಲ್ಲಿ ಪೌಲನಿಗಿಂತ ಹೆಚ್ಚು ಕೆಲಸಕ್ಕೆ ಬರುವವನು ಯೇಸುಸಭೆ ಎಂಬ ಕ್ಯಾಥೊಲಿಕ್ ಗುರುಗಳ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೊಲಾ. ಅವನು ಸಿಪಾಯಿಯಾಗಿದ್ದವನು. 1521ರಲ್ಲಿ ಪ್ಯಾಂಪ್ಲೋನಾ ಕೋಟೆಯ ಕಾಳಗದಲ್ಲಿ ತೋಪಿನ ಗುಂಡು ಕಾಲು ಮುರಿಯಿತು. ಹಾಸಿಗೆಯಲ್ಲಿ ಮಲಗಿದ್ದಾಗ ಮನಸ್ಸು ತಿರುಗಿತು. 1548ರಲ್ಲಿ ಅಚ್ಚಾದ ಅವನ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕ ಶುರುವಿನಲ್ಲೇ ಹೇಳುವ ಮಾತಿನ ತಾತ್ಪರ್ಯ ಇದು: ನಡೆಯುವುದು, ಓಡುವುದು ಮೈಗೆ ಹೇಗೆ ಸಾಮೋ ಹಾಗೆ ಆತ್ಮಕ್ಕೂ ಸಾಮು ಉಂಟು.

ಆ ಪುಸ್ತಕದಲ್ಲಿ ಒಂದು ವಿಚಿತ್ರ ಚಿತ್ರವಿದೆ. ಅಡ್ಡಗೆರೆಗಳ ಸಾಲು. ದಿನಕ್ಕೆ ಎರಡು ಗೆರೆ, ವಾರಕ್ಕೆ ಏಳು ಜೋಡಿ. ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷವನ್ನು ಬೆಳಿಗ್ಗೆ ಆರಿಸಿಕೊಳ್ಳಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ರಾತ್ರಿ ಇನ್ನೊಮ್ಮೆ ಹಿಂದಿರುಗಿ ನೋಡಿ, ಆ ದೋಷಕ್ಕೆ ಎಷ್ಟು ಸಲ ಜಾರಿದ್ದಾಯಿತೋ ಅಷ್ಟು ಚುಕ್ಕೆ ಗೆರೆಯ ಮೇಲೆ ಇಡಬೇಕು. ಮಧ್ಯಾಹ್ನದ ಗೆರೆಗೂ ರಾತ್ರಿಯ ಗೆರೆಗೂ, ಇಂದಿಗೂ ನಿನ್ನೆಗೂ, ಈ ವಾರಕ್ಕೂ ಹೋದ ವಾರಕ್ಕೂ ತಾಳೆ ನೋಡಬೇಕು. ಟೆನಿಸ್ ಕೋಚ್ ಒಬ್ಬನ ನೋಟುಬುಕ್ಕನ್ನು ತೆರೆದವರಿಗೆ ಇದು ಹೊಸದೆನಿಸುವುದಿಲ್ಲ. ಅಲ್ಲಿಯೂ ಅಡ್ಡಗೆರೆಗಳಿವೆ: ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್, ಮೊದಲ ಸರ್ವ್, ಎರಡನೆಯ ಸರ್ವ್. ಎದುರಾಳಿ ಒತ್ತಡ ಹಾಕದೆಯೇ ಸುಮ್ಮನೆ ಕೆಡಿಸಿಕೊಂಡ ಪ್ರತಿ ಹೊಡೆತಕ್ಕೆ ಒಂದು ಚುಕ್ಕೆ. ಎರಡನೆಯ ಸೆಟ್ಟಿನ ನಡುವೆ ಬ್ಯಾಕ್‌ಹ್ಯಾಂಡ್ ಗೆರೆಯ ಮೇಲೆ ಚುಕ್ಕೆಗಳು ಇರುವೆ ಮುತ್ತಿದಂತೆ ಕೂಡಿಬಂದರೆ ಕಾರಣ ಮಣಿಕಟ್ಟಿನಲ್ಲಿಲ್ಲ, ಹಿಂದಿನ ಗೇಮಿನ ಸಿಟ್ಟಿನಲ್ಲಿದೆ ಎಂಬುದು ಒಳ್ಳೆಯ ಕೋಚ್‌ಗೆ ಹೊಳೆಯುತ್ತದೆ. ಚುಕ್ಕೆ ಬೈಗುಳವಲ್ಲ, ಬರೀ ಲೆಕ್ಕ. ಇಗ್ನೇಷಿಯಸನ ಕ್ರಮದ ಗಟ್ಟಿತನವೂ ಇದೇ. ಪಶ್ಚಾತ್ತಾಪದ ಅಳುವಿಗಿಂತ ಅವನಿಗೆ ಎಣಿಕೆ ಹೆಚ್ಚು ಬೇಕಿತ್ತು. ಒಂದು ಸಲಕ್ಕೆ ಒಂದೇ ದೋಷ ಎಂಬ ಕಟ್ಟಳೆಯಂತೂ ಮಗುವಿಗೆ ಒಂದೇ ಉಸಿರಿನಲ್ಲಿ ಆರು ತಪ್ಪು ಹೇಳುವ ಕೋಚ್‌ಗಳೆಲ್ಲ ಬರೆದಿಟ್ಟುಕೊಳ್ಳಬೇಕಾದದ್ದು.

ಯೇಸುಸಭೆಯ ಶಾಲೆಗಳು ಕರ್ನಾಟಕಕ್ಕೆ ಹೊಸವಲ್ಲ. ಬೆಳಗಾವಿಯ ಸೇಂಟ್ ಪಾಲ್ಸ್ ಹೈಸ್ಕೂಲು 1856ರದು, ಮಂಗಳೂರಿನ ಸಂತ ಅಲೋಶಿಯಸ್ 1880ರದು. ಬೆಂಗಳೂರಿನ ಸಂತ ಜೋಸೆಫರ ಸಂಸ್ಥೆ 1882ರಲ್ಲಿ ಫ್ರೆಂಚ್ ಮಿಷನರಿಗಳಿಂದ ಶುರುವಾಗಿ 1937ರಲ್ಲಿ ಯೇಸುಸಭೆಯವರ ಕೈಗೆ ಬಂತು. ಈ ಅಂಗಳಗಳಲ್ಲಿ ಟೆನಿಸ್‌ಗಿಂತ ಫುಟ್‌ಬಾಲ್, ಹಾಕಿಗಳದೇ ಜೋರು. ಟೆನಿಸ್‌ಗೆ ಅಂಕಣ ಬೇಕು, ಒಂದು ಅಂಕಣದಲ್ಲಿ ಹೆಚ್ಚೆಂದರೆ ನಾಲ್ವರು. ನೂರು ಹುಡುಗರನ್ನು ಸಂಜೆ ಬಯಲಿಗೆ ಬಿಡಬೇಕಾದ ಫಾದರ್‌ಗೆ ಒಂದು ಫುಟ್‌ಬಾಲೇ ಸಾಕು. ಇನ್ನು ಗದಗ ಜಿಲ್ಲೆಯ ಮಾತು: ಅದು ಸೇರಿರುವ ಬೆಳಗಾವಿ ಧರ್ಮಪ್ರಾಂತ್ಯ ರೂಪುಗೊಂಡದ್ದು 1953ರಲ್ಲಿ. ಗದಗ ಸೀಮೆಯಲ್ಲಿ ಕ್ರೈಸ್ತರೆಂದರೆ ಹಳಬರಿಗೆ ನೆನಪಾಗುವುದು ಅದಕ್ಕೂ ಮುಂಚಿನ, ಪ್ರೊಟೆಸ್ಟಂಟರ ಬಾಸೆಲ್ ಮಿಷನ್. ಬೆಟಗೇರಿಯಲ್ಲಿ ಅದು ನೆಲೆ ಹೂಡಿದ್ದು 1841ರಲ್ಲಿ.

ಅದೇ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಈ ಮಾತೆಲ್ಲ ಬೇರೆ ನೆಲದ ಮೇಲೆ ಬೀಳುತ್ತದೆ. ಪುಲಿಗೆರೆ ಎಂಬ ಹಳೆಯ ಹೆಸರಿನ ಈ ಊರು ಪಂಪನ ಕನ್ನಡದ ತಿರುಳಿನ ಊರು. ಶಂಖ ಬಸದಿ, ಸೋಮೇಶ್ವರ ದೇವಾಲಯ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ, ದೂದನಾನಾ ದರ್ಗಾ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ನೆರೆಯ ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲೇ ಎರಡು ಧರ್ಮ ಕೂಡಿವೆ. ಇಂಥ ಸೀಮೆಯಲ್ಲಿ ಶ್ರದ್ಧೆಯನ್ನೂ ಮೈಸಾಧನೆಯನ್ನೂ ಜೊತೆಗಿಡುವುದನ್ನು ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಆ ಕೆಲಸವನ್ನು ಗರಡಿಮನೆ ಮಾಡಿಕೊಂಡೇ ಬಂದಿದೆ.

ಉತ್ತರ ಕರ್ನಾಟಕದ ಗರಡಿಯೊಳಗೆ ಕಾಲಿಡುವವರು ಮೊದಲು ತಲೆ ಬಗ್ಗಿಸಬೇಕು; ಬಾಗಿಲು ಬೇಕೆಂದೇ ಗಿಡ್ಡ. ಒಳಗೆ ಗೋಡೆಯ ಗೂಡಿನಲ್ಲಿ ಹನುಮಪ್ಪ, ಮುಂದೆ ಎಣ್ಣೆದೀಪ. ನೆಲದಲ್ಲಿ ಮಟ್ಟಿ, ಅಂದರೆ ಕುಸ್ತಿಯ ಕೆಮ್ಮಣ್ಣಿನ ಅಂಕಣ. ಲಕ್ಷ್ಮೇಶ್ವರದ ಸುತ್ತ ಎರಿ ಹೊಲಗಳೇ ಹೆಚ್ಚು. ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಕಾಲು ಕಚ್ಚುತ್ತದೆ. ಕುಸ್ತಿಗೆ ಅದು ಆಗದು, ಮಸಾರಿಯ ಕೆಂಪು ಮಣ್ಣೇ ಬೇಕು. ಆ ಮಣ್ಣನ್ನು ಜರಡಿ ಹಿಡಿದು ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಕೂಡಿಸಿ ಹದ ಮಾಡುತ್ತಾರೆ. ಕೈಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ದಿನಾ ಬೆಳಗಿನ ಜಾವ ಸಲಿಕೆಯಿಂದ ಮಟ್ಟಿ ಅಗೆಯುವುದೇ ಮೊದಲ ಸಾಮು. ಅಗೆಯದವನಿಗೆ ಕುಸ್ತಿಯಿಲ್ಲ. ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡು ಇಳಿಯಬೇಕು, ಎದುರಾಳಿಯ ಬೆನ್ನಿಗೂ ಒಂದು ಹಿಡಿ ಹಚ್ಚಬೇಕು. ಮಣ್ಣು ಹಿಡಿತಕ್ಕೆ ಸಿಗಲೆಂಬುದು ಅದರ ಉಪಯೋಗ, ನಾವಿಬ್ಬರೂ ಇದೇ ಮಣ್ಣಿನವರೆಂಬುದು ಅದರ ಅರ್ಥ. ಕುಸ್ತಿ ಕಲಿಸುವ ವಸ್ತಾದ ಹಿಂದೂವೋ ಮುಸ್ಲಿಮನೋ ಎಂಬುದು ಪಟ್ಟು ಹಿಡಿಯುವಾಗ ಎದ್ದು ಬರುವ ಪ್ರಶ್ನೆಯಲ್ಲ. ಮಲ್ಲಕಂಬದ ಕಥೆಯೂ ಈ ಸೀಮೆಗೆ ದೂರದ್ದಲ್ಲ. ಪುಲಿಗೆರೆ ನಾಡನ್ನೂ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆ, ಊಟ, ಪಟ್ಟುಗಳಿಗೆ ಜಾಗವಿದೆ, ಸಾಧನೆಯ ಕಂಬಕ್ಕೂ ಇದೆ. ಹರಳೆಣ್ಣೆ ಸವರಿದ ಕಂಬ ಏರುವವನ ಹೆಸರು, ಕುಲ, ಅಪ್ಪನ ಹುದ್ದೆ ಯಾವುದನ್ನೂ ಕೇಳುವುದಿಲ್ಲ. ಹಿಡಿತವಿಲ್ಲದವನನ್ನು ಕೆಳಗಿಳಿಸುತ್ತದೆ, ಅಷ್ಟೇ.

ಗರಡಿಯಲ್ಲಿ ವಸ್ತಾದ ಪಾಠ ಹೇಳುವುದು ಕಡಿಮೆ. ಅಲ್ಲಿ ಇರುವುದು ಹೆಚ್ಚು. ಇದೇ ಮಾತನ್ನು ಕ್ಯಾಥೊಲಿಕ್ ಲೋಕದಲ್ಲಿ ಒಂದು ಪದ್ಧತಿಯಾಗಿ ಕಟ್ಟಿದವನು ಇಟಲಿಯ ಡಾನ್ ಬಾಸ್ಕೊ. 1815ರಲ್ಲಿ ಬಡ ರೈತ ಮನೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಹಗ್ಗದ ಮೇಲೆ ನಡೆದು ಗೆಳೆಯರನ್ನು ರಂಜಿಸುತ್ತಿದ್ದವನು ಅವನು. ಬಾಸೆಲ್ ಮಿಷನ್ ಬೆಟಗೇರಿಗೆ ಬಂದ 1841ರಲ್ಲೇ ಟ್ಯುರಿನ್ ಪಟ್ಟಣದಲ್ಲಿ ಗುರುದೀಕ್ಷೆ ಪಡೆದು, ಕೆಲಸ ಹುಡುಕಿ ಬಂದ ದಿಕ್ಕಿಲ್ಲದ ಹುಡುಗರನ್ನು ಕೂಡಿಸತೊಡಗಿದ. ಅವನ ‘ತಡೆಗಟ್ಟುವ ಪದ್ಧತಿ’ಗೆ ಮೂರು ಕಾಲು: ವಿವೇಕ, ಧರ್ಮ, ಅಕ್ಕರೆ. ತಪ್ಪಾದ ಮೇಲೆ ಶಿಕ್ಷಿಸುವುದಕ್ಕಿಂತ ತಪ್ಪಿಗೆ ಎಡೆಯೇ ಸಿಗದಂತೆ ಮಕ್ಕಳ ನಡುವೆ ಇದ್ದುಬಿಡುವುದು ಅದರ ಸಾರ. ಇರುವುದೆಂದರೆ ಕಾವಲುಗಾರನಂತೆ ಗೇಟಿನ ಹತ್ತಿರ ನಿಲ್ಲುವುದಲ್ಲ. ನಿಲುವಂಗಿ ಮೇಲೆತ್ತಿ ಕಟ್ಟಿ ಹುಡುಗರ ಜೊತೆ ಓಡುವುದು.

ಟೆನಿಸ್ ಕೋಚ್‌ಗೆ ಈ ಇರುವಿಕೆ ಒಂದು ಕಠಿಣ ಪರೀಕ್ಷೆ. ಪಂದ್ಯ ನಡೆಯುವಾಗ ಆಟಗಾರನಿಗೆ ಹೊರಗಿನಿಂದ ಸಲಹೆ ಕೊಡುವಂತಿಲ್ಲ ಎಂಬುದು ಬಹುಕಾಲದ ನಿಯಮವಾಗಿತ್ತು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಅದನ್ನು ನಿಯಮಪುಸ್ತಕದಲ್ಲೇ ಸಡಿಲಿಸಿದ್ದು 2025ರ ಜನವರಿಯಲ್ಲಿ. ಕಬಡ್ಡಿ ಕೋಚ್ ಅಂಚಿನಲ್ಲಿ ನಿಂತು ಗಂಟಲು ಹರಿದುಕೊಳ್ಳಬಹುದು. ಟೆನಿಸ್ ಕೋಚ್ ತಂತಿಬೇಲಿಯ ಹೊರಗೆ ಬಾಯಿಗೆ ಬೀಗ ಹಾಕಿ ಕೂರುತ್ತಿದ್ದ. ತಾನು ಆರು ತಿಂಗಳು ಕಲಿಸಿದ ಸರ್ವ್ ಹುಡುಗನಿಗೆ ಮರೆತುಹೋದದ್ದು ಕಾಣುತ್ತಿತ್ತು, ಹೇಳುವಂತಿರಲಿಲ್ಲ. ಹುಡುಗ ಬೇಲಿಯತ್ತ ಒಮ್ಮೆ ನೋಡುತ್ತಾನೆ. ಆ ಮುಖದಲ್ಲಿ ಸಿಟ್ಟು ಕಂಡರೆ ಮುಂದಿನ ಸರ್ವ್ ಬಲೆಗೆ; ನೆಮ್ಮದಿ ಕಂಡರೆ ಒಳಗೆ ಬೀಳಲೂಬಹುದು. ಮಾತಿಲ್ಲದೆ ಕಲಿಸುವ ಈ ಗಳಿಗೆಗೆ ಬೇಕಾದ ತಾಳ್ಮೆಯನ್ನು ಜಪಮಣಿ ಹಿಡಿದು ಕಲಿತವರಿದ್ದಾರೆ. ಬೇರೆ ದಾರಿಯಲ್ಲಿ ಕಲಿತವರೂ ಇದ್ದಾರೆ ಎನ್ನಿ.

ಭಾರತದಲ್ಲಿ ಶ್ರದ್ಧೆ, ಟೆನಿಸ್, ಮಕ್ಕಳ ನಡತೆ ಈ ಮೂರೂ ಎಳೆ ಒಂದೇ ಮನೆಯಲ್ಲಿ ಹೆಣೆದುಕೊಂಡ ಎದ್ದುಕಾಣುವ ಉದಾಹರಣೆ ಮದರಾಸಿನ ಅಮೃತರಾಜ್ ಕುಟುಂಬ. ಕ್ಯಾಥೊಲಿಕ್ ಮನೆತನದ ರಾಬರ್ಟ್ ಮತ್ತು ಮ್ಯಾಗಿ ಅಮೃತರಾಜ್ ಅವರಿಗೆ ಮೂವರು ಮಕ್ಕಳು: ಆನಂದ್, ವಿಜಯ್, ಅಶೋಕ್. ಮೂವರೂ ವಿಂಬಲ್ಡನ್‌ನಲ್ಲಿ ಆಡಿದರು. 1953ರಲ್ಲಿ ಹುಟ್ಟಿದ ವಿಜಯ್ ಎಳವೆಯಲ್ಲಿ ಉಸಿರಾಟದ ತೊಂದರೆಯಿಂದ ನರಳಿದ ಹುಡುಗ. ಆಸ್ಪತ್ರೆಯಲ್ಲಿದ್ದಾಗ ತಾಯಿ ತಾವೇ ಅವನ ತರಗತಿಯಲ್ಲಿ ಕುಳಿತು ಪಾಠ ಬರೆದುಕೊಂಡು ಬರುತ್ತಿದ್ದರು. ಟೆನಿಸ್ ಶುರುವಾದದ್ದು ಮೈ ಗಟ್ಟಿಯಾಗಲೆಂದು. ಎಗ್ಮೋರಿನ ಡಾನ್ ಬಾಸ್ಕೊ ಶಾಲೆ, ಆಮೇಲೆ ಲೊಯೊಲಾ ಕಾಲೇಜು. ಟ್ಯುರಿನ್‌ನವನ ಹೆಸರೂ ಪ್ಯಾಂಪ್ಲೋನಾದಲ್ಲಿ ಕಾಲು ಮುರಿದುಕೊಂಡವನ ಹೆಸರೂ ಒಂದೇ ಹುಡುಗನ ಸರ್ಟಿಫಿಕೇಟುಗಳಲ್ಲಿ ಬಂದವು. 1973ರಲ್ಲಿ ವಿಜಯ್ ವಿಂಬಲ್ಡನ್ ಕ್ವಾರ್ಟರ್ ಫೈನಲ್ ತಲುಪಿದರು. ಮರುವರ್ಷ ವಿಜಯ್, ಆನಂದ್ ಇದ್ದ ಭಾರತ ತಂಡ ಡೇವಿಸ್ ಕಪ್ ಫೈನಲ್‌ಗೆ ಬಂತು. ಎದುರಾಳಿ ದಕ್ಷಿಣ ಆಫ್ರಿಕ. ವರ್ಣಭೇದದ ದೇಶದೊಂದಿಗೆ ಆಡುವುದಿಲ್ಲವೆಂದು ಭಾರತ ಅಂಕಣಕ್ಕೇ ಇಳಿಯಲಿಲ್ಲ. ಕಪ್ ಆಚೆ ಹೋಯಿತು. ಆ ತೀರ್ಮಾನ ದೇಶದ್ದು, ಕೈಗೆ ಬಂದದ್ದನ್ನು ಕಳೆದುಕೊಂಡವರು ಆಟಗಾರರು. ಭಾರತಕ್ಕೆ ಡೇವಿಸ್ ಕಪ್ ಇಂದಿಗೂ ದಕ್ಕಿಲ್ಲ.

ಮ್ಯಾಗಿ ಅಮೃತರಾಜ್ ಅಲ್ಲಿಗೆ ನಿಲ್ಲಲಿಲ್ಲ. 1980ರ ದಶಕದ ನಡುವೆ ಬ್ರಿಟಾನಿಯಾ ಕಂಪನಿಯ ನೆರವಿನಿಂದ ನಡೆದ ‘ಬ್ರಿಟಾನಿಯಾ ಅಮೃತರಾಜ್ ಟೆನಿಸ್’ ತರಬೇತಿ ಯೋಜನೆಗೆ ಅವರೇ ಬೆನ್ನೆಲುಬು. ದೇಶದ ಬೇರೆ ಬೇರೆ ಕಡೆಯ ಹುಡುಗರು ಅಲ್ಲಿ ಉಂಡು, ಓದಿ, ಆಡಿ ಬೆಳೆದರು. ಕೋಲ್ಕತ್ತದಿಂದ ಹನ್ನೆರಡರ ವಯಸ್ಸಿಗೆ ಬಂದ ಲಿಯಾಂಡರ್ ಪೇಸ್ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಕಂಚು ತಂದರು. ಸರ್ವ್ ಹೇಗೆ ಹೊಡೆಯಬೇಕೆಂದು ಕಲಿಸಲು ಬೇರೆ ಕೋಚ್‌ಗಳಿದ್ದರು. ರಾತ್ರಿ ಎಷ್ಟು ಹೊತ್ತಿಗೆ ದೀಪ ಆರಿಸಬೇಕು, ಸೋತು ಬಂದ ದಿನ ಊಟ ಹೇಗೆ ಮಾಡಬೇಕು ಎಂಬುದಕ್ಕೆ ಒಬ್ಬ ಮನೆಯೊಡತಿಯ ಕಣ್ಣು ಬೇಕಿತ್ತು.

ಆ ಕಣ್ಣು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಲಕ್ಷ್ಮೇಶ್ವರದಿಂದ ಪಶ್ಚಿಮಕ್ಕೆ, ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿಗೆ ಹೋಗಿ ನೋಡಬೇಕು. ಅಲ್ಲಿ ನೆಲೆಸಿರುವ ಆಫ್ರಿಕ ಮೂಲದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ಯಾಥೊಲಿಕ್ ಮೂವರೂ ಇದ್ದಾರೆ. 1987ರಲ್ಲಿ, ಮಂಗಳೂರು ಮೂಲದ ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡೆಯ ಹೊಣೆ ಹೊತ್ತಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಯೋಜನೆ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಒಲಿಂಪಿಕ್ ಪದಕದ ಆಸೆ ಅದರ ಬೆನ್ನಿಗಿತ್ತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ಎಷ್ಟೋ ಮಕ್ಕಳು ಸ್ಪೈಕ್ ಬೂಟು ಬಿಚ್ಚಿಟ್ಟು ಕೂಲಿಗೆ ಮರಳಿದರು. ಇದನ್ನು ಒಬ್ಬಿಬ್ಬರ ತಪ್ಪೆಂದು ಹೇಳಲಾಗದು. ಆದರೆ ಮಗುವನ್ನು ಪದಕದ ಅದಿರೆಂದು ನೋಡಿದರೆ ಅದಿರು ಮುಗಿದ ದಿನ ಗಣಿಯನ್ನು ಮುಚ್ಚುತ್ತಾರೆ. ಮುಂಡಗೋಡಿನಲ್ಲಿ ಯೇಸುಸಭೆಯ ಲೊಯೊಲಾ ವಿಕಾಸ ಕೇಂದ್ರ ಸಿದ್ದಿ, ಗೌಳಿ, ಲಂಬಾಣಿ ಮಕ್ಕಳ ನಡುವೆ ಮಾಡಿಕೊಂಡು ಬಂದಿರುವುದು ಸದ್ದಿಲ್ಲದ ಕೆಲಸ: ಓದು, ಹಾಸ್ಟೆಲು, ಸಂಘ. ಅದು ಪತ್ರಿಕೆಯ ಕ್ರೀಡಾಪುಟಕ್ಕೆ ಬರುವಂಥದ್ದಲ್ಲ.

ಶ್ರದ್ಧೆ ಯಾರ ಮೇಲೆ ಕೆಲಸ ಮಾಡಬೇಕು ಎಂಬ ತೊಡಕಿನ ಪ್ರಶ್ನೆ ಇಲ್ಲಿ ಏಳುತ್ತದೆ. ಕರ್ನಾಟಕದ ಕ್ಯಾಥೊಲಿಕ್ ಶಾಲೆಗಳಲ್ಲಿ ಆಡುವ ಮಕ್ಕಳಲ್ಲಿ ಬಹುಪಾಲು ಕ್ಯಾಥೊಲಿಕರಲ್ಲ. ಇಬ್ಬರು ಹುಡುಗಿಯರಲ್ಲಿ ಒಬ್ಬಳು ಶಿಲುಬೆಯ ಗುರುತು ಮಾಡಿ, ಇನ್ನೊಬ್ಬಳು ಇಷ್ಟಲಿಂಗ ಮುಟ್ಟಿಕೊಂಡು ಅಂಕಣಕ್ಕೆ ಇಳಿದರೆ ದೇವರು ಯಾರ ಬ್ಯಾಕ್‌ಹ್ಯಾಂಡ್ ಕಾಯಬೇಕು? ಗೆಲುವಿಗಾಗಿ ಮಾಡುವ ಪ್ರಾರ್ಥನೆ ಈ ತೊಡಕಿನಲ್ಲಿ ಸಿಕ್ಕಿಬೀಳುತ್ತದೆ. ಮಕ್ಕಳಿಗೆ ಜಪ ಹೇಳಿಕೊಡುವುದೂ ಕೋಚ್‌ನ ಕೆಲಸವಲ್ಲ. ಮನೆಯವರು ಒಪ್ಪುವುದೂ ಇಲ್ಲ, ಒಪ್ಪಬೇಕಾಗಿಯೂ ಇಲ್ಲ. ಶ್ರದ್ಧೆಯ ಭಾರ ಬೀಳಬೇಕಾದದ್ದು ಕೋಚ್‌ನ ಹೆಗಲ ಮೇಲೆ. ಬೆಳಿಗ್ಗೆ ಐದೂವರೆಗೆ ಎಂದರೆ ಐದೂವರೆಗೆ ಅವನು ಬಂದಿರಬೇಕು. ಅಡತಿ ಅಂಗಡಿಯವರ ಮಗನಿಗೂ ಹಮಾಲರ ಮಗಳಿಗೂ ಬುಟ್ಟಿಯಿಂದ ಎಣಿಸಿ ಅಷ್ಟೇ ಚೆಂಡು ಹಾಕಬೇಕು. ತನ್ನ ಶಿಷ್ಯ ಒಳಬಿದ್ದ ಚೆಂಡನ್ನು ‘ಔಟ್’ ಎಂದು ಕೂಗಿ ಗೆದ್ದು ಬಂದಾಗ ಬೆನ್ನು ತಟ್ಟಬಾರದು. ಕೊನೆಯದೇ ಕಷ್ಟ. ಬೇಲಿಯ ಹೊರಗೆ ಹುಡುಗನ ಅಪ್ಪ ನಗುತ್ತ ನಿಂತಿರುತ್ತಾನೆ; ಫೀ ಕೊಡುವವನೂ ಅವನೇ.

ಮಣ್ಣಿನ ಅಂಕಣದಲ್ಲಿ ಇಂಥ ಸುಳ್ಳು ಬಾಳುವುದು ಕಷ್ಟ. ಕಾಂಕ್ರೀಟಿನ ಮೇಲೆ ಚೆಂಡು ಗುರುತು ಬಿಡದೆ ಹಾರಿಹೋಗುತ್ತದೆ. ಮಣ್ಣಿನಲ್ಲಿ ಅದು ತೆಂಗಿನ ಹೋಳಿನಂಥ ಒಂದು ಅಂಡಾಕಾರದ ಅಚ್ಚು ಒತ್ತುತ್ತದೆ. ಬಂದ ದಿಕ್ಕಿನ ಕಡೆ ಆಳ, ಹೋದ ಕಡೆ ಧೂಳಿನ ಸಣ್ಣ ಬಾಲ. ತಕರಾರಾದರೆ ಇಬ್ಬರೂ ಬಂದು ಬಗ್ಗಿ ನೋಡುತ್ತಾರೆ. ಪ್ಯಾರಿಸ್ಸಿನ ಫ್ರೆಂಚ್ ಓಪನ್ 2025ರಲ್ಲೂ ಯಂತ್ರಕ್ಕಿಂತ ಈ ಅಚ್ಚನ್ನೇ ನಂಬಿತು. ನಮ್ಮ ಕಡೆ ಹಳೆಯ ಅಂಕಣಗಳೆಲ್ಲ ಮಣ್ಣಿನವೇ: ಕೆಳಗೆ ಗರಸು ಹಾಸಿ ರೋಲರ್ ಎಳೆದು, ಮೇಲೆ ಕೆಮ್ಮಣ್ಣು. ದಕ್ಷಿಣದಲ್ಲಿ ಸಗಣಿ ಸಾರಿಸಿದ ಅಂಕಣಗಳ ಮೇಲೆ ದೊಡ್ಡ ಆಟಗಾರರೇ ಬೆಳೆದಿದ್ದಾರೆ. ಅಂಗಳ ಸಾರಿಸಲು ಬಲ್ಲ ಊರಿಗೆ ಇದು ಹೊಸ ವಿದ್ಯೆಯಲ್ಲ. ಒಂದು ಅಂಕಣದ ಉದ್ದ 23.77 ಮೀಟರ್, ಒಬ್ಬೊಬ್ಬರ ಆಟಕ್ಕೆ ಅಗಲ 8.23 ಮೀಟರ್. ಚಿಕ್ಕವರಿಗೆ ಅದೂ ಪೂರ್ತಿ ಬೇಡ. ಹತ್ತು ವರ್ಷದೊಳಗಿನವರಿಗೆ ಕೆಂಪು, ಕಿತ್ತಳೆ, ಹಸಿರು ಗುರುತಿನ ಮೆದು ಚೆಂಡುಗಳಿವೆ. ಕೆಂಪಿನದು ಮಾಮೂಲಿ ಚೆಂಡಿಗಿಂತ ಶೇ. 75ರಷ್ಟು ನಿಧಾನ. ಮಗುವಿನ ಎತ್ತರಕ್ಕೆ ಆಟವೇ ಬಗ್ಗಿ ಬರುವ ಈ ಏರ್ಪಾಡು 2012ರಿಂದ ಅಂತರರಾಷ್ಟ್ರೀಯ ನಿಯಮವೂ ಆಗಿದೆ. ಇಷ್ಟಾದರೂ ಟೆನಿಸ್ ಅಗ್ಗದ ಆಟವಲ್ಲ. ರಾಕೆಟ್ಟಿನ ತಂತಿ ಹರಿಯುತ್ತದೆ, ಡಬ್ಬಿ ಒಡೆದ ಚೆಂಡು ಕೆಲವೇ ದಿನದಲ್ಲಿ ಗಾಳಿ ಕಳೆದುಕೊಳ್ಳುತ್ತದೆ, ಸ್ಪರ್ಧೆಗೆ ಧಾರವಾಡಕ್ಕೋ ಬೆಂಗಳೂರಿಗೋ ಓಡಬೇಕು. ಓಡುವುದು ಗದಗಿನ ಮಕ್ಕಳಿಗೆ ಹೊಸದಲ್ಲ. 1970ರಲ್ಲಿ ಗದಗಿನಲ್ಲಿ ಹುಟ್ಟಿದ ಕ್ರಿಕೆಟಿಗ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರ ಲೆಕ್ಕ ಹತ್ತು ಓವರಿಗೆ ಆರು ರನ್, ಐದು ವಿಕೆಟ್.

ಕ್ಯಾಥೊಲಿಕ್ ಸಭೆ ತಾನಾಗಿಯೇ ಆಟದ ಬಗ್ಗೆ ವಿವರವಾಗಿ ಬರೆದದ್ದು ತಡವಾಗಿ. 2004ರಲ್ಲಿ ವ್ಯಾಟಿಕನ್‌ನಲ್ಲಿ ಕ್ರೀಡೆಗೆಂದೇ ಒಂದು ವಿಭಾಗ ತೆರೆಯಿತು. 2018ರ ಜೂನ್ 1ರಂದು, ಮೈಮನಸ್ಸಿನ ಅತ್ಯುತ್ತಮವನ್ನು ಕೊಡುವುದರ ಬಗ್ಗೆ ಒಂದು ದಸ್ತಾವೇಜು ಹೊರಬಂತು. ಆಟದ ನಾಲ್ಕು ಕೇಡುಗಳನ್ನು ಅದು ಹೆಸರಿಸುತ್ತದೆ: ಮೈಯನ್ನು ಸರಕಾಗಿಸುವುದು, ಮದ್ದು ಸೇವನೆ, ಲಂಚಕೋರತನ, ನೋಡುಗರ ಅತಿರೇಕ. ಮಕ್ಕಳ ಸುರಕ್ಷೆಯ ಮಾತೂ ಅಲ್ಲಿದೆ. ಅದು ಇರಲೇಬೇಕಿತ್ತು. ಕೋಚ್ ಮತ್ತು ಗುರು ಎರಡೂ ಮಗುವಿನ ಮೇಲೆ ಅಪಾರ ಅಧಿಕಾರವಿರುವ ಸ್ಥಾನಗಳು. ಎರಡೂ ಒಬ್ಬನಲ್ಲೇ ಕೂಡಿದಾಗ ನಂಬಿಕೆ ಇಮ್ಮಡಿಯಾಗುತ್ತದೆ, ನಂಬಿಕೆ ಮುರಿಯುವ ದಾರಿಯೂ ಇಮ್ಮಡಿಯಾಗುತ್ತದೆ. ಈ ಎರಡು ಲೋಕಗಳೂ ಆ ವಿಷಯದಲ್ಲಿ ತಲೆ ತಗ್ಗಿಸಿ ನಿಂತದ್ದನ್ನು ಜಗತ್ತು ಕಂಡಿದೆ. ಆದ್ದರಿಂದ ತರಬೇತಿ ಬಯಲಿನಲ್ಲೇ ನಡೆಯಬೇಕು, ತಂದೆತಾಯಿ ಯಾವಾಗ ಬೇಕಾದರೂ ಬಂದು ಕೂರುವಂತಿರಬೇಕು, ಒಂಟಿ ಮಗುವಿನೊಂದಿಗೆ ಮುಚ್ಚಿದ ಕೋಣೆಯ ‘ವಿಶೇಷ ತರಬೇತಿ’ ಇರಕೂಡದು. ಧರ್ಮದ ಹೆಸರು ಹೇಳುವವನಿಗೆ ಈ ಕಟ್ಟಳೆ ಇನ್ನೂ ಬಿಗಿಯಾಗಿರಬೇಕು.

2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ 14ನೆಯ ಲಿಯೊ ತಾವೊಬ್ಬ ಹವ್ಯಾಸಿ ಟೆನಿಸ್ ಆಟಗಾರ ಎಂದು ಹೇಳಿಕೊಂಡವರು. ಆಯ್ಕೆಯಾದ ವಾರದೊಳಗೇ ಇಟಲಿಯ ಟೆನಿಸ್ ಆಟಗಾರ ಯಾನಿಕ್ ಸಿನ್ನರ್ ಬಂದು ಅವರಿಗೊಂದು ರಾಕೆಟ್ ಕೊಟ್ಟ. ಮಠದ ಅಂಗಳದಿಂದ ಹೊರಟ ಆಟ ಎಂಟುನೂರು ವರ್ಷ ಸುತ್ತಿ ಅಲ್ಲಿಗೇ ಮರಳಿತೆಂದು ಯಾರಾದರೂ ಹೇಳಿದರೆ ಅಡ್ಡಿಯಿಲ್ಲ. ಮಕ್ಕಳಿಗೆ ಅದಕ್ಕಿಂತ ಹತ್ತಿರದ ಕೆಲಸವೊಂದಿದೆ. ಮಣ್ಣಿನ ಅಂಕಣದಲ್ಲಿ ಆಟ ಮುಗಿದ ಮೇಲೆ ಆಡಿದವರೇ ಅಂಕಣ ಗುಡಿಸಬೇಕು. ಗರಡಿಯಲ್ಲಿ ಮಟ್ಟಿ ಅಗೆಯುವುದು ಮೊದಲಾದರೆ ಇಲ್ಲಿ ಗುಡಿಸುವುದು ಕೊನೆ. ಒದ್ದೆ ಗೋಣಿಪಟ್ಟೆಯನ್ನು ಹಗ್ಗಕ್ಕೆ ಕಟ್ಟಿ, ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಎಳೆಯುತ್ತ ಬರುತ್ತಾರೆ. ಕಾಲಿನ ಜಾರುಗುರುತು, ಚೆಂಡಿನ ಅಚ್ಚು ಎಲ್ಲ ಅಳಿಯುತ್ತವೆ. ಆಮೇಲೆ ಸಣ್ಣ ಪೊರಕೆ ಹಿಡಿದು ಗೆರೆಗಳನ್ನಷ್ಟೇ ಬೇರೆಯಾಗಿ ಒರೆಸುತ್ತಾರೆ. ಸೋತವರು ಒಂದು ಬದಿ, ಗೆದ್ದವರು ಇನ್ನೊಂದು ಬದಿ. ಕೋಚ್ ನಡುವಿನ ಬಲೆಯನ್ನು ಸಡಿಲಿಸಿ ಸುತ್ತಿಡುತ್ತಾನೆ.